ನೀಲಿಯ ಮೇಲೆ ನೀಲಿ

ಹಡಗು ಬರಲು ಇನ್ನೂ ಹನ್ನೊಂದು ದಿನ.
ಶಾಲೆಯ ಕಂಬದಲ್ಲಿ ಉಳಿದದ್ದು
ನಾಲ್ಕು ನಕ್ಷತ್ರ, ಅರ್ಧ ದೋಣಿ;
ಮಿಕ್ಕಿದ್ದನ್ನು ಉಪ್ಪುಗಾಳಿ ಎಳೆ ಎಳೆಯಾಗಿ ತಿಂದಿತ್ತು.
"ಲೋಸಾ, ನೀನೇ ಹೊಲಿ" ಅಂದರು ಹಿರಿಯರು.
ನಮ್ಮ ಕೇರಿಯಲ್ಲಿ ಓಡುವ ಹೊಲಿಗೆ ಯಂತ್ರ ನನ್ನದೊಂದೇ,
ಅದೂ ಅದಕ್ಕೆ ಮನಸ್ಸಿದ್ದರೆ.

ನೀಲಿ: ಮರಿಯಮ್ಮನವರ ಹಬ್ಬಕ್ಕೆಂದು ತೆಗೆದಿಟ್ಟ ಬಟ್ಟೆ.
ಪಾದ್ರಿಗಳನ್ನು ಕೇಳಿದೆ.
"ಆಕೆಗೆ ಕಡಲೇ ಇದೆಯಲ್ಲ, ಒಯ್ಯಿ" ಅಂದರು.
ಹಳದಿ: ಪೊರಿರುವಾದಿಂದ ತಂಗಿ ಕಳಿಸಿದ ಮೇಜುಹಾಸು,
ಅಂಚಿನಲ್ಲೊಂದು ಚಹಾದ ಕಲೆ.
ಕತ್ತರಿ ತಿರುಗಿಸಿ ತಿರುಗಿಸಿ ಅದನ್ನು ದೋಣಿಯ ತಳಕ್ಕೆ ತಂದೆ.
ತಳದಲ್ಲಿ ಒಂದು ಗುಟುಕು ನೀರಿಲ್ಲದ ದೋಣಿ ಎಲ್ಲಿದೆ?
ಬಿಳಿ: ಅಣ್ಣನ ಅಂಗಿ.
ಅವನಿಗೆ ಇನ್ನೂ ಹೇಳಿಲ್ಲ.

ನಕ್ಷತ್ರ ಹೊಲಿದು ನೋಡಿದವರಿಗೇ ಗೊತ್ತು ಅದರ ಹಟ:
ಒಂದು ಮೂಲೆ ಮಡಚಿದರೆ ಇನ್ನೊಂದು ಮೂಲೆ ಬಾಯಿ ಬಿಡುತ್ತದೆ.
ಪುಸ್ತಕದಲ್ಲಿದೆ, ಇವು ದಕ್ಷಿಣದ ಶಿಲುಬೆ,
ಮೀನಿಗೆ ಹೋದವರಿಗೆ ದಾರಿ ಅಂತ.
ಅಮ್ಮ ಬೇರೆ ಲೆಕ್ಕ ಹಾಕುತ್ತಿದ್ದಳು:
ಅತಾಫು, ನುಕುನೋನು, ಫಕಾಓಫೋ,
ಆಮೇಲೆ ಒಲೊಹೆಗಾ,
ಇನ್ನೊಬ್ಬರ ಬಾವುಟದ ಕೆಳಗೆ ಸೇರಿಹೋದ ದ್ವೀಪ.
"ನಕ್ಷೆಯಲ್ಲಿ ಕೊಟ್ಟರು, ಸರಿ. ಆಕಾಶದಲ್ಲಿ ಯಾರು ಕೊಟ್ಟರು?"
ನಾಲ್ಕನೆಯದನ್ನು ಹೊಲಿಯುವಾಗ ದಾರ ಎರಡು ಸಲ ತುಂಡಾಯಿತು.
ಅದಕ್ಕೇನೂ ಅರ್ಥವಿಲ್ಲ. ದಾರ ಹಳೆಯದು.

ಹೊಸಿಲ ಮೇಲೆ ಕೂತು ತಾವಿತೆ ಕೇಳಿದ:
"ಅಜ್ಜಿ, ದೋಣಿಯಲ್ಲಿ ಯಾರೂ ಇಲ್ಲವಲ್ಲ?"
ಇದ್ದಾರೆ ಮಗಾ. ನೀರು ಮೊಗೆಯಲು ಬಗ್ಗಿದ್ದಾರೆ.

ಇದು ಬಂದ ಬಗೆ ನೆನಪಾಯಿತು.
ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು ಆಗ,
ನಮ್ಮನ್ನು ನಾವೇ ಆಳಿಕೊಳ್ಳಲು.
ಒಮ್ಮೆ ಎಣಿಸಿದೆವು, ಮರುವರ್ಷ ಮತ್ತೆ ಎಣಿಸಿದೆವು;
ಒಂದು ಹಾಯಿದೋಣಿಯಲ್ಲಿ ಕೂರಬಹುದಾದಷ್ಟು ಜನ ಕಡಿಮೆ ಬಿದ್ದರು.
ಯಾರು ಹೌದೆಂದರು, ಯಾರು ಇಲ್ಲವೆಂದರು,
ಸಂಜೆ ಮೀನು ಹಂಚುವಾಗ ಯಾರೂ ಕೇಳಲಿಲ್ಲ.
ಮನೆಗೊಂದು ಪಾಲು, ಎಂದಿನಂತೆ.
ಬಾವುಟ ಮಾತ್ರ ಆಮೇಲೆ ಬಂತು,
ಮದುವೆ ನಿಂತುಹೋದ ಮನೆಗೆ
ದರ್ಜಿ ತಂದುಕೊಟ್ಟ ಅಂಗಿಯ ಹಾಗೆ.
ತೊಟ್ಟು ನೋಡಿದೆವು. ಮೈಗೆ ಸರಿಯಾಗಿತ್ತು.

ಮಧ್ಯಾಹ್ನ ಕೆಲೆಮೆತೆ ಬಂದ, ಗೋಡೆ ಸವರಿಕೊಂಡು.
ಕನವಾ ಮರದಲ್ಲಿ ಹನ್ನೆರಡು ದೋಣಿ ಕೊರೆದವನು,
ಈಗ ಅವನ ಕಣ್ಣೆಲ್ಲ ಹೆಬ್ಬೆರಳಲ್ಲಿ.
ಹಾಯಿಯ ಬಾಗು ಮುಟ್ಟಿದ, ಸರಿ ಅಂದ.
ಮೂತಿ ಮುಟ್ಟಿದ, ನಕ್ಷತ್ರದ ಕಡೆಗೇ ಇದೆ, ಸರಿ.
ಆಮೇಲೆ ಮುಖ ಕಿವುಚಿದ:
"ಅಮಾ ಎಲ್ಲಿ?
ಪಕ್ಕಕ್ಕೆ ಕಟ್ಟುವ ತೇಲುಮರ ಎಲ್ಲಿ?
ಅದಿಲ್ಲದೆ ಇದು ಮೊದಲ ಅಲೆಗೇ ಮಗುಚುತ್ತದೆ.
ಚಿತ್ರ ಬರೆದವರು ಯಾರು, ದೋಣಿ ಹತ್ತಿದವರೇ?"

ಆಚೆ ಬದಿಯಲ್ಲಿರಬೇಕು ಮಾವ, ನಮಗೆ ಕಾಣದ ಕಡೆ, ಅಂದೆ.
ಬಾವುಟವನ್ನು ಮಗುಚಿದ, ಆಚೆಯೂ ತಡವಿದ.
ಆಚೆಯಿಂದ ನೋಡಿದರೆ ದೋಣಿ ಎದುರು ದಿಕ್ಕಿಗೆ:
ಈ ಕಡೆ ಹೊರಟದ್ದು, ಆ ಕಡೆ ಮರಳುತ್ತಿರುವುದು.
ತಂಗಿಗೆ ಇದನ್ನು ಬರೆಯಬೇಕು ಅಂದುಕೊಂಡೆ.
ಅವನು ಮಾತ್ರ ಗೊಣಗುತ್ತಲೇ ಹೋದ: "ಇಲ್ಲ. ಆಚೆಯೂ ಇಲ್ಲ."

ರಾತ್ರಿ ದೀಪದಡಿ ಕೂತು
ನೀಲಿ ದಾರವನ್ನು ಸೂಜಿಗೆ ಪೋಣಿಸಿದೆ.
ನಮೂನೆಯಲ್ಲಿಲ್ಲ; ಯಾರನ್ನೂ ಕೇಳಲಿಲ್ಲ.
ದೋಣಿಯ ಪಕ್ಕಕ್ಕೆ, ನೀಲಿಯ ಮೇಲೆ ನೀಲಿಯಾಗಿ,
ಒತ್ತೊತ್ತಾಗಿ ಒಂದು ತೇಲುಮರ ಹೊಲಿದೆ,
ಅದನ್ನು ಹಿಡಿದಿಡುವ ಎರಡು ಅಡ್ಡಗೋಲು.

ಬೆಳಿಗ್ಗೆ ಮಕ್ಕಳು ಹಗ್ಗ ಎಳೆದರು.
ಯಾರಿಗೂ ಏನೂ ಕಾಣಲಿಲ್ಲ.
ಏರಿಸುವ ಮುಂಚೆ ಕೆಲೆಮೆತೆಯ ಕೈಗೆ ಒಮ್ಮೆ ಕೊಟ್ಟಿದ್ದೆ;
ಅವನ ಹೆಬ್ಬೆರಳು ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಬಂತು.
"ಕಟ್ಟು ಸ್ವಲ್ಪ ಸಡಿಲ" ಅಂದ.